ಕಿಟಕಿ ಮುಚ್ಚಿದರೆ ಉಸಿರುಕಟ್ಟು, ತೆರೆದರೆ ಧೂಳು-ಸೊಳ್ಳೆ: ಮನೆಯ ಗಾಳಿ ಮತ್ತು ಕರೆಂಟ್ ಬಿಲ್ ಎರಡನ್ನೂ ಸರಿ ಮಾಡುವ ದಾರಿ?

ಕೊನೇಮಹಡಿ
ಬೆಂಗಳೂರು. ನಾಲ್ಕು ಮಹಡಿ ಕಟ್ಟಡದಲ್ಲಿ ಮೇಲಿನ ಮನೆ, ತಲೆ ಮೇಲೆ ನೇರ ಟೆರೇಸ್. ಮುಂದೆ ಬಸ್ ಓಡಾಡುವ ರಸ್ತೆ. ಮಲಗುವ ಕೋಣೆ 10×12 ಅಡಿ, ಎತ್ತರ 10 ಅಡಿ, 1 ಟನ್ ಸ್ಪ್ಲಿಟ್ ಎಸಿ, ಮಲಗುವವರು ಇಬ್ಬರು. ಸೊಳ್ಳೆ ಕಾಟಕ್ಕೆ ಕಿಟಕಿ ಪೂರ್ತಿ ಬಂದ್. ಕಾರ್ಬನ್ ಡೈಆಕ್ಸೈಡ್ ಮೀಟರ್ ಬೆಳಗಿನ ಜಾವ 2,600 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 2,600 ಭಾಗ) ತೋರಿಸುತ್ತೆ.
ಅಡುಗೆಮನೆಯಲ್ಲಿ ಚಿಮಣಿ ಇದೆ, ಆದರೂ ಒಗ್ಗರಣೆ ಘಾಟು ಹಾಲ್‌ವರೆಗೂ ಬರುತ್ತೆ. ಚಿಮಣಿ ಜೋರಾಗಿ ಹಾಕಿದರೆ ಬಚ್ಚಲಿನಿಂದ ಮೋರಿ ವಾಸನೆ. ಯುಟಿಲಿಟಿಯಲ್ಲಿ ಗ್ಯಾಸ್ ಗೀಸರ್. ನಾಲ್ಕು ಹಳೇ ಫ್ಯಾನು. ಏಪ್ರಿಲ್‌ನಲ್ಲಿ 280 ಯೂನಿಟ್ ಬಂತು. ಏರ್ ಪ್ಯೂರಿಫೈಯರ್ ತಗೊಳ್ಳೋಣ ಅಂತಿದೀವಿ. ಯಾವ ಸೈಜು?

ಗಾಳಿಲೆಕ್ಕ
ಪ್ಯೂರಿಫೈಯರ್ ಧೂಳು ಹಿಡಿಯುತ್ತೆ, ಕಾರ್ಬನ್ ಡೈಆಕ್ಸೈಡ್ ಹಿಡಿಯಲ್ಲ. 2,600 ಇರೋ ಕೋಣೇಲಿ ರಾತ್ರಿಯಿಡೀ ಓಡಿಸಿದರೂ ಬೆಳಿಗ್ಗೆ 2,600ನೇ ಇರುತ್ತೆ. ಸ್ಪ್ಲಿಟ್ ಎಸಿನೂ ಅಷ್ಟೇ, ಅದೇ ಗಾಳಿಯನ್ನ ತಣ್ಣಗೆ ಮಾಡಿ ವಾಪಸ್ ಕೊಡುತ್ತೆ. ಹೊರಗಿನ ಘಟಕಕ್ಕೆ ಹೋಗೋ ತಾಮ್ರದ ಕೊಳವೇಲಿ ಓಡೋದು ಗಾಳಿಯಲ್ಲ, ರೆಫ್ರಿಜರೆಂಟ್. ಎಸಿ ಹೊರಗಿನ ಗಾಳಿ ತರುತ್ತೆ ಅಂದುಕೊಂಡವರು ಬಹಳ ಜನ ಇದ್ದಾರೆ.

ನಿಮ್ಮ ಕೋಣೆ ಲೆಕ್ಕ ಹಾಕಿದೆ. 1,200 ಘನ ಅಡಿ ಅಂದ್ರೆ 34 ಘನ ಮೀಟರ್. ಮಲಗಿರುವ ಒಬ್ಬ ದೊಡ್ಡವರು ಗಂಟೆಗೆ ಸುಮಾರು 12 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡ್ತಾರೆ, ಇಬ್ಬರಿಗೆ 25 ಹಿಡಿಯೋಣ. ಹೊರಗಿನ ಗಾಳಿಯಲ್ಲಿ 420 ಪಿಪಿಎಂ ಇರುತ್ತೆ. 2,600ಕ್ಕೆ ನಿಂತಿದೆ ಅಂದ್ರೆ ನಿಮ್ಮ ಕೋಣೆಗೆ ಸಂದಿಗೊಂದಿಗಳಿಂದ ಬರ್ತಿರೋ ಗಾಳಿ ಗಂಟೆಗೆ ಬರೀ 11–12 ಘನ ಮೀಟರ್. 1,000ದ ಒಳಗೆ ಇಡೋಕೆ ಬೇಕಾಗಿರೋದು 43 ಘನ ಮೀಟರ್, ಅಂದರೆ 25 ಸಿಎಫ್‌ಎಂ (ನಿಮಿಷಕ್ಕೆ 25 ಘನ ಅಡಿ). ದೊಡ್ಡದೇನಲ್ಲ. ಅಂಗೈ ಅಗಲದ 4 ಇಂಚಿನ ಇನ್‌ಲೈನ್ ಫ್ಯಾನ್ (ಕೊಳವೆ ಮಧ್ಯೆ ಕೂರೋದು) ನಿಧಾನ ವೇಗದಲ್ಲೇ ಇದಕ್ಕಿಂತ ಹೆಚ್ಚು ಕೊಡುತ್ತೆ.

ಕೊನೇ ಮಹಡಿಗೆ ಇನ್ನೊಂದು ಲಾಭ. ಬೆಂಗಳೂರಲ್ಲಿ ಏಪ್ರಿಲ್‌ನಲ್ಲೂ ನಡುರಾತ್ರಿ ದಾಟಿದ ಮೇಲೆ ಹೊರಗೆ 22–24 ಡಿಗ್ರಿಗೆ ಇಳಿಯುತ್ತೆ. ನಿಮ್ಮ ಕೋಣೆ ಬಿಸಿ ಇರೋದು ಸ್ಲ್ಯಾಬ್ ಹಗಲೆಲ್ಲ ಕುಡಿದ ಶಾಖವನ್ನ ರಾತ್ರಿ ಕೆಳಗೆ ಬಿಡೋದ್ರಿಂದ. ಆ ಹೊತ್ತಿಗೆ ಹೊರಗಿನ ಗಾಳಿ ತಂದರೆ ಎಸಿ ಕೆಲಸ ಕಮ್ಮಿ ಆಗುತ್ತೆಯೇ ಹೊರತು ಹೆಚ್ಚಾಗಲ್ಲ. ಎಸಿ ಇದ್ದಾಗ ಕಿಟಕಿ ಒಂದು ಬೆರಳೂ ತೆಗೆಯಬಾರದು ಅನ್ನೋ ಮಾತು ನಿಮ್ಮೂರಿನ ರಾತ್ರಿಗೆ ಹೊಂದಲ್ಲ.

ಒಲೆಮೂಲೆ
ಉಳಿದಿದ್ದೆಲ್ಲ ಆಮೇಲೆ. ಕೊನೇಮಹಡಿ ಅವರೇ, ಆ ಯುಟಿಲಿಟಿ ತೆರೆದಿದೆಯಾ, ಗ್ಲಾಸ್ ಹಾಕಿ ಮುಚ್ಚಿದೀರಾ? ಗೀಸರ್‌ಗೆ ಹೊಗೆ ಕೊಳವೆ ಇದೆಯಾ?

ಕೊನೇಮಹಡಿ
ಮಳೆ ನೀರು ಬರುತ್ತೆ ಅಂತ ಸ್ಲೈಡಿಂಗ್ ಗ್ಲಾಸ್ ಹಾಕಿಸಿದೀವಿ, ಹೆಚ್ಚಾಗಿ ಮುಚ್ಚೇ ಇರುತ್ತೆ. ಕೊಳವೆ ಇಲ್ಲ. ಗೀಸರ್ ಮೇಲ್ಭಾಗದಲ್ಲಿ ಬರೀ ಕಿಂಡಿಗಳಿವೆ.

ಒಲೆಮೂಲೆ
ಹಾಗಾದ್ರೆ ಇವತ್ತಿನಿಂದ ಗೀಸರ್ ಉರಿಯುವಾಗ ಆ ಗ್ಲಾಸ್ ಪೂರ್ತಿ ತೆರೆದಿರಲಿ, ಅದೇ ಹೊತ್ತಿಗೆ ಚಿಮಣಿ ಬೇಡ. ಕಾರಣ ನೀವೇ ಬರೆದಿದೀರಿ: ಚಿಮಣಿ ಹಾಕಿದರೆ ಬಚ್ಚಲಿನಿಂದ ವಾಸನೆ ಬರುತ್ತೆ. ಮನೆಯೊಳಗಿನ ಗಾಳಿಯನ್ನ ಚಿಮಣಿ ಹೊರಗೆ ತಳ್ಳುತ್ತೆ. ಅಷ್ಟೇ ಗಾಳಿ ಬೇರೆ ಎಲ್ಲಿಂದಲೋ ಒಳಗೆ ಬರಲೇಬೇಕು. ಕಿಟಕಿಗಳು ಮುಚ್ಚಿದ್ದರೆ ಬಾಗಿಲ ಸಂದಿ, ಮೋರಿ, ಯುಟಿಲಿಟಿ, ಎಲ್ಲಿ ದಾರಿ ಸಿಕ್ಕಿದರೆ ಅಲ್ಲಿಂದ ಎಳೆಯುತ್ತೆ. ಗ್ಲಾಸ್ ಮುಚ್ಚಿದ ಯುಟಿಲಿಟಿಯಲ್ಲಿ ಗೀಸರ್ ಉರಿದು ಆಮ್ಲಜನಕ ಕಮ್ಮಿ ಆದರೆ ಜ್ವಾಲೆ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಚ್ಚಲುಮನೆ ಗ್ಯಾಸ್ ಗೀಸರ್ ಸಾವುಗಳು ಹೆಚ್ಚಾಗಿ ಆಗೋದು ಇದೇ ರೀತಿ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ತಗೊಳ್ಳಿ. ಪೆಟ್ಟಿಗೆ ಮೇಲೆ ಇಎನ್ 50291 ಅಂತ ಇರಬೇಕು. ಆ ಮಾನದಂಡದ ಪ್ರಕಾರ 50 ಪಿಪಿಎಂ ಇದ್ದರೆ 60–90 ನಿಮಿಷದೊಳಗೆ, 100 ಇದ್ದರೆ 10–40 ನಿಮಿಷದೊಳಗೆ, 300 ಇದ್ದರೆ 3 ನಿಮಿಷದೊಳಗೆ ಕೂಗಬೇಕು. ಎಲ್‌ಪಿಜಿ ಸೋರಿಕೆ ಅಲಾರಂ ಬೇರೆ ಸಾಮಾನು, ಅದು ಇದನ್ನ ಹಿಡಿಯಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಹಾಗಾಗಿ ಅದರ ಅಲಾರಂ ನೆಲದಿಂದ ಒಂದಡಿ ಒಳಗೆ. ಮಾನಾಕ್ಸೈಡ್ ತೂಕ ಹೆಚ್ಚುಕಮ್ಮಿ ಗಾಳಿಯಷ್ಟೇ, ಅದರ ಅಲಾರಂ ಉಸಿರಾಡೋ ಎತ್ತರದಲ್ಲಿ. ಗೀಸರ್ ಜ್ವಾಲೆ ಹಳದಿಗೆ ತಿರುಗಿದ್ದರೆ, ಮೇಲಿನ ಕಿಂಡಿ ಸುತ್ತ ಮಸಿ ಕಂಡರೆ ಸರ್ವಿಸ್ ಆಗೋವರೆಗೂ ಹಚ್ಚಬೇಡಿ. ಬದಲಾಯಿಸೋ ಹೊತ್ತು ಬಂದಾಗ ಹೊಗೆ ಕೊಳವೆ ಇರೋ ಮಾದರಿ ತಗೊಂಡು ಕೊಳವೆಯನ್ನ ಹೊರಗೋಡೆ ದಾಟಿಸಿ.

ವೈರ್‌ಮನ್_ಹಾಸನ
ಮೋರಿ ವಾಸನೆ ಬಗ್ಗೆ ಒಂದು ತಿದ್ದುಪಡಿ. ನಹಾನಿ ಟ್ರ್ಯಾಪಿನಲ್ಲಿ (ಬಚ್ಚಲ ನೆಲದ ಮೋರಿಯಲ್ಲಿ ನೀರು ನಿಂತು ವಾಸನೆ ತಡೆಯೋ ಬಟ್ಟಲು) 50 ಮಿಮೀ ನೀರು ನಿಂತಿದ್ದರೆ ಅದು ಸುಮಾರು 490 ಪಾಸ್ಕಲ್ ಒತ್ತಡ ತಡೆಯುತ್ತೆ. ಮನೆ ಚಿಮಣಿ ಅಷ್ಟು ಎಳೆಯಲ್ಲ. ಅಂದಮೇಲೆ ಟ್ರ್ಯಾಪಿನ ನೀರು ಒಣಗಿರಬೇಕು (ಬಳಸದ ಬಾತ್‌ರೂಮಿನಲ್ಲಿ ಸಾಮಾನ್ಯ), ಇಲ್ಲವೇ ವಾಷಿಂಗ್ ಮೆಷಿನ್ ಪೈಪನ್ನ ಟ್ರ್ಯಾಪ್ ಇಲ್ಲದ ಲೈನಿಗೆ ಸುಮ್ಮನೆ ತುರುಕಿರಬೇಕು. ಮೊದಲನೆಯದಕ್ಕೆ ವಾರಕ್ಕೊಂದು ಚೊಂಬು ನೀರು ಸಾಕು. ಎರಡನೆಯದಕ್ಕೆ ಪೈಪಿನ ಸುತ್ತ ರಬ್ಬರ್ ಗ್ರಾಮೆಟ್ ಹಾಕಿ ಮುಚ್ಚಿ. ಚಿಮಣಿಗೆ ಬೇರೆ ಕಡೆಯಿಂದ ಗಾಳಿ ಕೊಡಬೇಕು ಅನ್ನೋದಂತೂ ಸರಿ.

ಒಲೆಮೂಲೆ
ಒಪ್ಪಿದೆ, ಧನ್ಯವಾದ.
ಚಿಮಣಿಗೆ ಬರ್ತೀನಿ. ಘಾಟು ಹಾಲ್‌ಗೆ ಬರೋಕೆ ಕಾರಣ ಸಾಮಾನ್ಯವಾಗಿ ಮೋಟರ್ ಅಲ್ಲ, ಅಳವಡಿಕೆ. ಈ ಕ್ರಮದಲ್ಲಿ ನೋಡಿ.
ಒಂದು ತೆಳು ಟಿಶ್ಯೂ ಕಾಗದವನ್ನ ಫಿಲ್ಟರ್‌ಗೆ ಹಿಡಿಯಿರಿ. ಮಧ್ಯಮ ವೇಗದಲ್ಲೇ ಅಂಟಿಕೊಂಡು ನಿಲ್ಲಬೇಕು. ಬಿದ್ದರೆ, ಹಾಲ್ ಕಿಟಕಿ ಎರಡು ಇಂಚು ತೆರೆದು ಮತ್ತೆ ನೋಡಿ. ಈಗ ಅಂಟಿದರೆ ಕೊರತೆ ಇರೋದು ಒಳಬರುವ ಗಾಳಿಗೆ, ಚಿಮಣಿ ಸರಿಯಾಗಿದೆ. ಆಗಲೂ ಬಿದ್ದರೆ ದಾರಿಯಲ್ಲಿ ತಡೆ ಇದೆ. ಹೊರಗೋಡೆಯಲ್ಲಿರೋ ಕವಾಟದ ರೆಕ್ಕೆ ಜಿಡ್ಡು ಹಿಡಿದು ಅಂಟಿಕೊಂಡಿರೋದು ಅತಿ ಸಾಮಾನ್ಯ, ಅದನ್ನ ಯಾರೂ ತೆಗೆದು ನೋಡಲ್ಲ. ಆಮೇಲೆ ಡಕ್ಟ್. 6 ಇಂಚಿನ ಕೊಳವೆಯನ್ನ 4 ಇಂಚಿನ ತೂತಿಗೆ ಹಿಸುಕಿ ಸೇರಿಸಿರ್ತಾರೆ. ಅಲ್ಯೂಮಿನಿಯಂ ಡಕ್ಟನ್ನ ಪೂರ್ತಿ ಎಳೆಯದೆ ಸುಕ್ಕು ಸುಕ್ಕಾಗೇ ಬಿಟ್ಟಿರ್ತಾರೆ, ಪ್ರತಿ ಸುಕ್ಕೂ ಗಾಳಿಗೆ ಅಡ್ಡ. ತಿರುವು ಎರಡಕ್ಕಿಂತ ಹೆಚ್ಚಿರಬಾರದು, ಉದ್ದ 10 ಅಡಿ ಮೀರದಿದ್ದರೆ ಒಳ್ಳೇದು.
ಸ್ಟವ್‌ನಿಂದ ಚಿಮಣಿಗೆ ಅಂತರ 65–75 ಸೆಂಮೀ. ಬಾಣಲೆ ಹೊಗೆ ಮೇಲೇರ್ತಾ ಅಗಲ ಆಗುತ್ತೆ, ಎತ್ತರ ಜಾಸ್ತಿ ಆದಷ್ಟೂ ಪಕ್ಕದಿಂದ ತಪ್ಪಿಸಿಕೊಳ್ಳುತ್ತೆ. ಮೂರು ಬರ್ನರ್ ಸ್ಟವ್ ಮೇಲೆ 60 ಸೆಂಮೀ ಚಿಮಣಿ ಹಾಕಿದ್ದರೆ ಪಕ್ಕದ ಬರ್ನರ್ ಹೊಗೆ ಸಿಗೋದೇ ಇಲ್ಲ. ಒಗ್ಗರಣೆ, ಕರಿಯೋದು ಏನಿದ್ರೂ ಮಧ್ಯದ ಅಥವಾ ಹಿಂದಿನ ಬರ್ನರ್ ಮೇಲೆ.
ಕಿಟಕಿ ಬಗ್ಗೆ ಎಲ್ಲರೂ ತಪ್ಪೋ ಜಾಗ: ಸ್ಟವ್ ಪಕ್ಕದ ಕಿಟಕಿ ತೆರೀತಾರೆ. ಅಡ್ಡಗಾಳಿ ಬೀಸಿ ಹೊಗೆಯನ್ನ ಚಿಮಣಿ ಬಾಯಿಂದ ತಪ್ಪಿಸಿ ಹಾಲ್‌ಗೆ ತಳ್ಳುತ್ತೆ. ತೆರೆಯಬೇಕಾದ್ದು ದೂರದ ಕಿಟಕಿ. 6 ಇಂಚಿನ ಡಕ್ಟಿನ ಬಾಯಿ 28 ಚದರ ಇಂಚು, ಅದರ ಮೂರ್ನಾಲ್ಕು ಪಟ್ಟು ತೆರೆದಿರಲಿ. 4 ಅಡಿ ಎತ್ತರದ ಕಿಟಕಿ 2 ಇಂಚು ಸರಿಸಿದರೆ 96 ಚದರ ಇಂಚಾಯ್ತು.
ಎಣ್ಣೆ ಕಾಯೋಕೆ ಎರಡು ನಿಮಿಷ ಮೊದಲೇ ಚಿಮಣಿ ಹಾಕಿ, ಇಳಿಸಿದ ಮೇಲೂ ಹತ್ತು ನಿಮಿಷ ಓಡಲಿ. ಡಕ್ಟ್ ಇಲ್ಲದೆ ಕಾರ್ಬನ್ ಫಿಲ್ಟರ್‌ನಲ್ಲಿ ಸೋಸಿ ಅಲ್ಲೇ ವಾಪಸ್ ಬಿಡೋ ಚಿಮಣಿ ಜಿಡ್ಡು ಹಿಡಿಯುತ್ತೆ, ವಾಸನೆ ಒಂದಿಷ್ಟು ಕಮ್ಮಿ ಮಾಡುತ್ತೆ. ನೀರಾವಿ, ಗ್ಯಾಸ್ ಉರಿದ ಅನಿಲ ಮನೇಲೇ ಉಳಿಯುತ್ತೆ. ಅದಕ್ಕಿಂತ 9 ಇಂಚಿನ ಸಾದಾ ಎಕ್ಸಾಸ್ಟ್ ಫ್ಯಾನ್ ವಾಸಿ.

ಹಿತ್ತಲಬಾಗಿಲು
ಗ್ಯಾಸ್ ಬಿಟ್ಟು ಇಂಡಕ್ಷನ್‌ಗೆ ಹೋದರೆ ಚಿಮಣಿ ತಾಪತ್ರಯವೇ ಇರಲ್ಲವಲ್ಲ?

ಒಲೆಮೂಲೆ
ಅರ್ಧ ಸರಿ. ಇಂಡಕ್ಷನ್‌ಗೆ ಹೋದರೆ ತಪ್ಪೋದು ಗ್ಯಾಸ್ ಉರಿಯಿಂದ ಬರೋ ನೈಟ್ರೋಜನ್ ಡೈಆಕ್ಸೈಡ್ ಮತ್ತು ನೀರಾವಿ. 1 ಕೆಜಿ ಎಲ್‌ಪಿಜಿ ಉರಿದರೆ ಸುಮಾರು 1.6 ಲೀಟರ್ ನೀರು ಆವಿಯಾಗಿ ಮನೆಯೊಳಗೆ ಬರುತ್ತೆ. ಆದರೆ ಒಗ್ಗರಣೆ ಹೊಗೆ, ಅದರ ಪಿಎಂ2.5 (ಉಸಿರಲ್ಲಿ ಒಳಹೋಗೋ ಅತಿ ಸಣ್ಣ ಕಣ) ಹುಟ್ಟೋದು ಕಾದ ಎಣ್ಣೆಯಿಂದ. ಎಣ್ಣೆಗೆ ಕೆಳಗಿನ ಶಾಖ ಎಲ್ಲಿಂದ ಬಂತು ಅನ್ನೋದು ಗೊತ್ತಾಗಲ್ಲ. ಚಿಮಣಿ ಬೇಕೇ ಬೇಕು.
ಖರ್ಚಿನ ಲೆಕ್ಕ: 14.2 ಕೆಜಿ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್‌ನಷ್ಟು ಶಕ್ತಿ ಇದೆ. ಐಎಸ್ 4246 ಪರೀಕ್ಷೆಯಲ್ಲಿ ಸ್ಟವ್ ದಕ್ಷತೆ ಕನಿಷ್ಠ 68% ಇರಬೇಕು, ನಿಜವಾದ ಅಡುಗೆಯಲ್ಲಿ 55–60 ಹಿಡಿಯಿರಿ. ಪಾತ್ರೆಗೆ ಸೇರೋದು ಸುಮಾರು 105. ಅದೇ ಅಡುಗೆ 85% ದಕ್ಷತೆಯ ಇಂಡಕ್ಷನ್‌ನಲ್ಲಿ ಸುಮಾರು 125 ಯೂನಿಟ್. ನಿಮ್ಮ ಯೂನಿಟ್ ದರದಿಂದ ಗುಣಿಸಿ ಸಿಲಿಂಡರ್ ಬೆಲೆ ಜೊತೆ ಹೋಲಿಸಿಕೊಳ್ಳಿ. ಹಾಲು, ಅನ್ನ, ಬೇಳೆ ಕುಕ್ಕರ್, ಕುಡಿಯೋ ನೀರು ಇಂಡಕ್ಷನ್ ಮೇಲೆ, ರೊಟ್ಟಿ-ಒಗ್ಗರಣೆ ಗ್ಯಾಸ್ ಮೇಲೆ ಇಟ್ಟುಕೊಂಡರೆ ಬೇಸಿಗೇಲಿ ಅಡುಗೆಮನೆ ಸೆಕೆಯೂ ಇಳಿಯುತ್ತೆ.

ವೈರ್‌ಮನ್_ಹಾಸನ
ಬಿಲ್ಲಿನ ವಿಷಯ. ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತೆ, ಹೊಸ ಬಗೆ ಮೋಟರಿನ ಬಿಎಲ್‌ಡಿಸಿ ಫ್ಯಾನ್ 28–32. ನಾಲ್ಕು ಫ್ಯಾನ್ ದಿನಕ್ಕೆ 10 ಗಂಟೆ ಓಡಿದರೆ ತಿಂಗಳಿಗೆ 50 ಯೂನಿಟ್‌ಗೂ ಹೆಚ್ಚು ಉಳಿತಾಯ. ಎಸಿ ಬದಲಿಸೋದಕ್ಕಿಂತ ಮೊದಲು ಇದು.
ಹಾಕುವಾಗ ಆಗೋ ಎಡವಟ್ಟು: ಗೋಡೆ ರೆಗ್ಯುಲೇಟರನ್ನ ಹಾಗೇ ಬಿಟ್ಟು ಬಿಎಲ್‌ಡಿಸಿ ಜೋಡಿಸೋದು. ರೆಗ್ಯುಲೇಟರ್ ಕತ್ತರಿಸಿದ ಕರೆಂಟ್ ಕೊಡುತ್ತೆ, ಫ್ಯಾನಿನ ಸರ್ಕ್ಯೂಟ್ ಬೋರ್ಡ್ ಮಿಣುಕಿ, ಗುಂಯ್ ಅಂದು, ಬೇಗ ಸುಟ್ಟುಹೋಗಬಹುದು. ರೆಗ್ಯುಲೇಟರ್ ಬಿಚ್ಚಿ ಎರಡು ತಂತಿ ನೇರ ಸೇರಿಸಿ ಇನ್ಸುಲೇಟ್ ಮಾಡಬೇಕು. ವೇಗ ರಿಮೋಟ್‌ನಲ್ಲೇ. ಕೊಳ್ಳುವಾಗ ವ್ಯಾಟ್ ಒಂದನ್ನೇ ನೋಡಬೇಡಿ, 1200 ಮಿಮೀ ಫ್ಯಾನಿಗೆ ನಿಮಿಷಕ್ಕೆ 210 ಘನ ಮೀಟರ್‌ಗಿಂತ ಕಮ್ಮಿ ಗಾಳಿ ಅಂತ ಬರೆದಿದ್ದರೆ ಬಿಟ್ಟುಬಿಡಿ.
ಎಸಿ 26ಕ್ಕಿಟ್ಟು ಫ್ಯಾನ್ ಎರಡರಲ್ಲಿ ಓಡಿಸಿ. ಒಂದು ಡಿಗ್ರಿ ಏರಿಸಿದರೆ ಸುಮಾರು 6% ಉಳಿತಾಯ ಅಂತ ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಹೇಳುತ್ತೆ. 2020ರಿಂದ ಹೊಸ ಎಸಿಗಳು 24ರಲ್ಲೇ ಆನ್ ಆಗುವ ಹಾಗೆ ಬರೋದು ಅದಕ್ಕೇ. ಒಳಗಿನ ಜಾಲರಿ ಎರಡು ವಾರಕ್ಕೊಮ್ಮೆ ತೊಳೆಯಿರಿ. ರಸ್ತೆ ಬದಿ ಮನೆಗೆ ತಿಂಗಳು ತಡವಾದರೂ ಕಾಯಿಲ್‌ಗೆ ಧೂಳು ಇಳಿಯುತ್ತೆ, ಅದರ ಮೇಲೆ ನೀರು ನಿಂತು ಹಸಿ ಬಟ್ಟೆ ವಾಸನೆ ಶುರು.
ಗೃಹಜ್ಯೋತಿ ಇದ್ದರೆ ನೆನಪಿರಲಿ: 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. 280ರಿಂದ 200ರ ಕೆಳಗೆ ಬರೋಕೆ ಫ್ಯಾನ್ 50 ಕೊಟ್ಟರೆ, ಉಳಿದಿದ್ದು ಟೆರೇಸ್ ಕೊಡಬೇಕು.

ಬಿಸಿಲನಾಡು
ಟೆರೇಸ್ ಅಂದ್ರ ನಮ್ಮ ಕಲಬುರಗಿ ಕಡೆಯವರನ್ನ ಕೇಳ್ರಿ.
ಬರೀ ಕಾಂಕ್ರೀಟ್ ಸ್ಲ್ಯಾಬಿನ ಯು-ವ್ಯಾಲ್ಯೂ (ಎಷ್ಟು ಶಾಖ ದಾಟ್ತದ ಅನ್ನೋ ಅಂಕಿ, ಕಮ್ಮಿ ಇದ್ದಷ್ಟೂ ಛಲೋ) 3ಕ್ಕಿಂತ ಮ್ಯಾಲೇ ಇರ್ತದ. ಮನಿಗಳ ಇಂಧನ ಉಳಿತಾಯಕ್ಕ ಕೇಂದ್ರ ಮಾಡಿದ ನಿಯಮ, ಇಕೋ-ನಿವಾಸ್ ಸಂಹಿತಾ 2018, ಮನಿ ಚಾವಣಿಗೆ 1.2 ಮೀರಬಾರದು ಅಂತದ. ಅಂದ್ರ ನಮ್ಮ ಚಾವಣಿಗಳು ಎರಡೂವರಿ ಪಟ್ಟು ಹೆಚ್ಚು ಶಾಖ ಒಳಗ ಬಿಡ್ತಾವ. ನೆರೆಯ ತೆಲಂಗಾಣ 2023ರಾಗ ತಂಪು ಚಾವಣಿಗೇ ಒಂದು ನೀತಿ ತಂದದ.
ಅಗ್ಗದ ದಾರಿ ಬಿಳಿ ಬಳಿಯೋದು. ಮೊದಲು ಬಿರುಕು ತುಂಬಿಸ್ರಿ, ಪಾಚಿ ತಿಕ್ಕಿ ತೊಳೀರಿ, ಪೂರಾ ಒಣಗಲಿ. ಸುಣ್ಣ ಬಳಿಯೋದಾದ್ರ ನೀರಾಗ ಒಂದು ರಾತ್ರಿ ನೆನಿಸಿ, ಸೋಸಿ, ಮಜ್ಜಿಗೀ ಹದಕ್ಕ ತಂದು, ಬಿಳಿ ಅಂಟು ಸ್ವಲ್ಪ ಕಲಿಸಿ, ಸಂಜಿಮುಂದ ಎರಡು ಕೋಟ್ ಹೊಡೀರಿ. ಮಟಮಟ ಮಧ್ಯಾಹ್ನ ಬಳಿದ್ರ ಹಿಡಿಯೋ ಮೊದಲೇ ಒಣಗಿ ಪುಡಿ ಉದರ್ತದ. ಒಂದು ಮಳಿಗಾಲಕ್ಕ ತೊಳಕೊಂಡು ಹೋಗ್ತದ, ಪ್ರತಿ ಫೆಬ್ರುವರಿ ಮತ್ತ ಬಳೀಬೇಕು. ಚಾವಣಿಗಂತನೇ ಬರೋ ಬಿಳಿ ಎಲಾಸ್ಟೊಮೆರಿಕ್ ಪೇಂಟ್ ಕೆಲವು ವರ್ಷ ತಾಳ್ತದ. ಕೊಳ್ಳಾಗ ಎಸ್‌ಆರ್‌ಐ (ಬಿಸಿಲನ್ನ ಎಷ್ಟು ವಾಪಸ್ ಕಳಿಸ್ತದ ಅನ್ನೋದು) ಅಂಕಿ ನೋಡ್ರಿ, 100ರ ಆಸುಪಾಸು ಇರ್ಲಿ. ಯಾವುದ ಬಳಿದ್ರೂ ಧೂಳು ಕೂತ್ರ ಬಿಳಿ ಹೋಯ್ತು, ಬ್ಯಾಸಗ್ಯಾಗ ಎರಡು ಸಲ ಗುಡಿಸಿ ಒರಸ್ರಿ.
ಇನ್ನೂ ಬೇಕಂದ್ರ 50 ಮಿಮೀ ಎಕ್ಸ್‌ಪಿಎಸ್ (ಶಾಖ ತಡಿಯೋ ಗಟ್ಟಿ ಫೋಮ್) ಹಲಗಿ ಹಾಸಿ, ಮ್ಯಾಲ ಗಾರೆ, ಬಿಳಿ ಟೈಲ್ಸ್ ಚೂರು. ಯು-ವ್ಯಾಲ್ಯೂ 0.5ರ ಹತ್ತರ ಬರ್ತದ. ಒಳಗ ಫಾಲ್ಸ್ ಸೀಲಿಂಗ್ ಮಾಡಿಸಬ್ಯಾಡ್ರಿ ಮೊದಲ. ಬಿಸಿಲನ್ನ ಸ್ಲ್ಯಾಬ್ ಕುಡಿಯೋಕಿಂತ ಮುಂಚೇ ಮ್ಯಾಲೇ ತಡೀಬೇಕು.
ನಮ್ಮ ಕಡೆಯವರಿಗೆ ಇನ್ನೊಂದು ಮಾತು: ಒಣ ಬ್ಯಾಸಗಿಗೆ ಎಸಿಕಿಂತ ಕೂಲರ್ ಛಲೋ. 150–200 ವ್ಯಾಟ್‌ನ್ಯಾಗ ಓಡ್ತದ, ಬರೋದೆಲ್ಲ ಹೊರಗಿನ ಹೊಸಾ ಗಾಳಿ. ಆದ್ರ ಎದುರಿನ ಕಿಟಕಿ ತೆರದಿರಬೇಕು, ಸಾವಿರ ಸಿಎಫ್‌ಎಂಗೆ 1ರಿಂದ 2 ಚದರ ಅಡಿ. ಮುಚ್ಚಿಟ್ರ ಎರಡು ತಾಸಿನ್ಯಾಗ ಮೈಯೆಲ್ಲ ಅಂಟಂಟು. ಅದು ಕೂಲರ್ ತಪ್ಪಲ್ಲ.

ಕಡಲಕರೆ
ಕೂಲರ್ ಮಾತು ಮಂಗಳೂರು, ಉಡುಪಿ, ಕಾರವಾರಕ್ಕೆ ಅನ್ವಯಿಸುವುದಿಲ್ಲ ಎಂದು ಸೇರಿಸಿ. ಹೊರಗಿನ ಗಾಳಿ ತಂದರೆ ಎಸಿ ಕೆಲಸ ಹೆಚ್ಚುವುದಿಲ್ಲ ಎಂಬ ಗಾಳಿಲೆಕ್ಕ ಅವರ ಮಾತೂ ಇಲ್ಲಿಗೆ ಆಗುವುದಿಲ್ಲ. ಇಲ್ಲಿ ರಾತ್ರಿ ಹೊರಗೆ 27 ಡಿಗ್ರಿ, ಪ್ರತಿ ಕೆಜಿ ಗಾಳಿಯಲ್ಲಿ ಸುಮಾರು 20 ಗ್ರಾಂ ನೀರಾವಿ. ಎಸಿ ಇರುವ ಕೋಣೆಯಲ್ಲಿ 11–12 ಗ್ರಾಂ. ಅದೇ 43 ಘನ ಮೀಟರ್ ತಂದರೆ ಆ ನೀರನ್ನು ಹಿಂಡಲು ಎಸಿಗೆ ಎಂಟು ಗಂಟೆಯಲ್ಲಿ ಮುಕ್ಕಾಲು ಯೂನಿಟ್ ಹೆಚ್ಚು ಬೇಕು. ಆದರೂ ತರಬೇಕು ಎನ್ನುವುದೇ ನನ್ನ ಅಭಿಪ್ರಾಯ. ಮುಕ್ಕಾಲು ಯೂನಿಟ್‌ಗೋಸ್ಕರ ಉಸಿರು ಕಟ್ಟಿಕೊಂಡು ಮಲಗುವುದರಲ್ಲಿ ಅರ್ಥವಿಲ್ಲ.
ಮಳೆಗಾಲದ ಬೂಷ್ಟು ಬೇರೆ ಸಮಸ್ಯೆ. ತೇವಾಂಶ 75% ಮೇಲೆ ದಿನಗಟ್ಟಲೆ ನಿಂತರೆ ಗೋಡೆ, ಚರ್ಮದ ಬ್ಯಾಗು, ಕಪಾಟಿನ ಹಿಂಬದಿ ಎಲ್ಲ ಹಸಿರು. ಜುಲೈಯಲ್ಲಿ ಕಿಟಕಿ ತೆರೆದರೆ ಒಣಗುವುದಿಲ್ಲ, ಹೊರಗೆ 90% ಇರುತ್ತದೆ. ಮನೆಯೊಳಗೆ ಹುಟ್ಟುವ ನೀರನ್ನು ಮೊದಲು ನಿಲ್ಲಿಸಿ. ಸ್ನಾನದ ಆವಿಗೆ 6 ಇಂಚಿನ ಎಕ್ಸಾಸ್ಟ್, ಸ್ನಾನ ಮುಗಿದು 20 ನಿಮಿಷ, ಬಾಗಿಲ ಕೆಳಗೆ ಒಂದು ಇಂಚು ಸಂದಿ ಬಿಟ್ಟು. ಬಟ್ಟೆ ಒಣಗಿಸಲು ಒಂದೇ ಕೋಣೆ ಇಟ್ಟು ಬಾಗಿಲು ಮುಚ್ಚಿ ಡಿಹ್ಯುಮಿಡಿಫೈಯರ್ ಹಾಕಿ. 200–300 ವ್ಯಾಟ್ ಎಳೆಯುತ್ತದೆ, 60%ಗೆ ಸೆಟ್ ಮಾಡಿದರೆ ತಾನಾಗಿ ನಿಲ್ಲುತ್ತದೆ. ಬಾಗಿಲು ತೆರೆದಿಟ್ಟರೆ ಅರಬ್ಬೀ ಸಮುದ್ರವನ್ನೇ ಒಣಗಿಸಲು ಹೊರಟಂತೆ. ಕಪಾಟನ್ನು ಹೊರಗೋಡೆಯಿಂದ ಮೂರು ಇಂಚು ಮುಂದೆ ಸರಿಸಿ.

ಹಿತ್ತಲಬಾಗಿಲು
ಮಲೆನಾಡಲ್ಲಿ ಸೌದೆ ಒಲೆ ಇನ್ನೂ ಇದೆ. ಬಚ್ಚಲು ಒಲೆ ಹೊಗೆ ಮನೆಯೆಲ್ಲ ಸುತ್ತುತ್ತೆ. ಅದಕ್ಕೇನು?

ಒಲೆಮೂಲೆ
ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಇದಕ್ಕೇ ಅಸ್ತ್ರ ಒಲೆ ಮಾಡಿತ್ತು: ಮುಚ್ಚಿದ ಉರಿಗೂಡು, ಕೆಳಗೆ ಕಬ್ಬಿಣದ ಜಾಲಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆಗೂಡು. ಬಚ್ಚಲು ಒಲೆಗೂ ಅದೇ ತತ್ವ. ಜಾಲಿ ಕೆಳಗಿಂದ ಗಾಳಿ ಬಂದರೆ ಸೌದೆ ಚೆನ್ನಾಗಿ ಉರಿದು ಹೊಗೆ ಕಮ್ಮಿ, ಸೌದೆಯೂ ಉಳೀತು. ಹಂಡೆ ಸುತ್ತ ಸಂದಿ ಇದ್ದರೆ ಹೊಗೆ ಅಲ್ಲಿಂದಲೇ ಬರುತ್ತೆ, ಮಣ್ಣು ಮೆತ್ತಿ ಮುಚ್ಚಿ. ಹೊಗೆ ಕೊಳವೆ ಮಾಡಿನ ತುದಿಗಿಂತ ಎರಡಡಿ ಮೇಲಿರಲಿ, ಇಲ್ಲದಿದ್ದರೆ ಗಾಳಿ ಬೀಸಿದಾಗ ಹೊಗೆ ವಾಪಸ್ ಬರುತ್ತೆ. ಮಸಿ ಕೆಡವೋಕೆ ಬುಡದಲ್ಲಿ ಒಂದು ಮುಚ್ಚಳದ ಕಿಂಡಿ ಬಿಟ್ಟುಕೊಳ್ಳಿ, ಅದಿಲ್ಲದೆ ಕಟ್ಟಿದ ಕೊಳವೆ ಒಂದೆರಡು ವರ್ಷಕ್ಕೆ ಕಟ್ಟಿಕೊಳ್ಳುತ್ತೆ. ಹಸಿ ಸೌದೆಗೆ ಯಾವ ಒಲೆಯೂ ಪರಿಹಾರ ಅಲ್ಲ.

ಕೊನೇಮಹಡಿ
ಗ್ಲಾಸ್ ತೆರೆದೆವು, ಅಲಾರಂ ಆರ್ಡರ್ ಮಾಡಿದೆವು. ಕೋಣೆಗೆ ಗಾಳಿ ತರೋದು ಎಕ್ಸಾಸ್ಟ್ ಹಾಕಿಯೋ, ಒಳಗೆ ತಳ್ಳಿಯೋ? ಪ್ಯೂರಿಫೈಯರ್ ಬೇಡವೇ ಬೇಡವಾ?

ಗಾಳಿಲೆಕ್ಕ
ರಸ್ತೆ ಬದಿ ಮನೆಗೆ ಒಳಗೆ ತಳ್ಳೋದೇ ಸರಿ. ಎಕ್ಸಾಸ್ಟ್ ಎಳೆದರೆ ಸೋಸದ ಗಾಳಿ ಎಲ್ಲ ಸಂದಿಯಿಂದ ಬರುತ್ತೆ. ಒಳಗೆ ತಳ್ಳಿದರೆ ಬರೋದು ಒಂದೇ ಬಾಯಿ, ಅಲ್ಲಿ ಫಿಲ್ಟರ್ ಇಡಬಹುದು. ಬೇರೆ ಸಂದಿಗಳಲ್ಲಿ ಗಾಳಿ ಹೊರಕ್ಕೆ ಹೋಗ್ತಿರೋದ್ರಿಂದ ಧೂಳೂ ನುಗ್ಗಲ್ಲ.
ಕಿಟಕಿ ಮೇಲಿನ ಒಂದು ಗಾಜು ತೆಗೆಸಿ ಅದೇ ಅಳತೆಯ ಅಕ್ರಿಲಿಕ್ ಅಥವಾ ಡಬ್ಲ್ಯೂಪಿಸಿ (ಮರದ ಪುಡಿ-ಪ್ಲಾಸ್ಟಿಕ್ ಬೆರೆಸಿದ) ಹಲಗೆ ಹಾಕಿ. ರಸ್ತೆ ಕಡೆಯದ್ದಲ್ಲ, ಸಾಧ್ಯವಾದರೆ ಹಿಂದಿನ ಕಡೆಯದ್ದು. 4 ಇಂಚಿನ ತೂತು, ಕೊಳವೆ ಹೊರಕ್ಕೆ ಸ್ವಲ್ಪ ಇಳಿಜಾರು, ಇಲ್ಲದಿದ್ದರೆ ಮಳೆ ನೀರು ಫ್ಯಾನಿಗೆ ಬರುತ್ತೆ. ಹೊರಗೆ ಕೆಳಮುಖದ ಟೊಪ್ಪಿ, ಸೊಳ್ಳೆ ಜಾಲರಿ. ಆಮೇಲೆ ಒರಟು ಜಿ4 ಫಿಲ್ಟರ್, ನಂತರ ಸಣ್ಣ ಧೂಳು ಹಿಡಿಯೋ ಎಫ್7 ಅಥವಾ ಇ11 ಫಿಲ್ಟರ್, ಕೊನೆಗೆ ಇನ್‌ಲೈನ್ ಫ್ಯಾನ್. ಫಿಲ್ಟರ್ ಬಾಯಿ ಕೊಳವೆಯಷ್ಟೇ ಚಿಕ್ಕದಿದ್ದರೆ ಗಾಳಿ ಬರಲ್ಲ, ಕನಿಷ್ಠ 10×10 ಇಂಚಿನ ಪೆಟ್ಟಿಗೆ ಮಾಡಿಸಿ ಅಂಚಿಗೆ ಫೋಮ್ ಟೇಪ್ ಹಾಕಿ. ಕೋಣೆ ಬಾಗಿಲ ಕೆಳಗೆ ಅರ್ಧ ಇಂಚು ಸಂದಿ ಇರಲಿ, ಒಳಬಂದ ಗಾಳಿ ಹೊರಹೋಗಬೇಕು. ವೇಗ ಕಮ್ಮಿ ಮಾಡ್ತಾ ಮೀಟರ್ 900–1,000ಕ್ಕೆ ನಿಲ್ಲೋ ಹಾಗೆ ಬಿಡಿ.

ಮೀಟರ್ ಬಗ್ಗೆ: ಕಾರ್ಬನ್ ಡೈಆಕ್ಸೈಡನ್ನೇ ಅಳೆಯೋ ಎನ್‌ಡಿಐಆರ್ ಅಥವಾ ಫೋಟೊ-ಅಕೌಸ್ಟಿಕ್ ಸೆನ್ಸರ್ ಇರಬೇಕು. ಅಗ್ಗದ್ದರಲ್ಲಿ ವಾಸನೆ ಹಿಡಿಯೋ ಸೆನ್ಸರ್ ಹಾಕಿ ಊಹೆಯ ಅಂಕಿ ತೋರಿಸ್ತಾರೆ, ಅಗರಬತ್ತಿ ಹಚ್ಚಿದರೆ 3,000ಕ್ಕೆ ಹಾರುತ್ತೆ. ಒಳ್ಳೇ ಮೀಟರನ್ನೂ ವಾರಕ್ಕೊಮ್ಮೆ ಅರ್ಧ ಗಂಟೆ ಬಾಲ್ಕನೀಲಿ ಇಡಿ. ತಾನು ಕಂಡ ಅತಿ ಕಡಿಮೆ ಅಂಕಿಯನ್ನೇ ಹೊರಗಿನ ಗಾಳಿ ಅಂತ ತಿಳಿದು ತಿದ್ದಿಕೊಳ್ಳೋ ಮಾದರಿ ಯಾವಾಗಲೂ ಮುಚ್ಚಿದ ಕೋಣೇಲಿದ್ದರೆ ದಿನ ಕಳೆದಂತೆ ಸುಳ್ಳು ಹೇಳೋಕೆ ಶುರು ಮಾಡುತ್ತೆ.

ಪ್ಯೂರಿಫೈಯರ್ ಬೇಡ ಅನ್ನಲ್ಲ, ಧೂಳಿಗೆ ಬೇಕಾದರೆ ತಗೊಳ್ಳಿ. ಕೋಣೆ ಗಾಳಿ ಗಂಟೆಗೆ ಐದು ಸಲ ಸೋಸೋಕೆ 34×5, ಅಂದರೆ ಸಿಎಡಿಆರ್ (ಗಂಟೆಗೆ ಎಷ್ಟು ಘನ ಮೀಟರ್ ಸೋಸಿದ ಗಾಳಿ ಕೊಡುತ್ತೆ ಅನ್ನೋ ಅಂಕಿ) 170 ಬೇಕು. ಗರಿಷ್ಠ ವೇಗದಲ್ಲಿ ಸದ್ದು ತಡೆಯಲ್ಲ, ಹಾಗಾಗಿ 300ರದ್ದು ತಂದು ನಿಧಾನ ಓಡಿಸಿ. ಅಯಾನೈಸರ್, ಓಝೋನ್ ಬಟನ್ ಇದ್ದರೆ ಆಫ್.
ಆದರೆ ಪಕ್ಕದಲ್ಲೇ ಸೊಳ್ಳೆಬತ್ತಿ ಉರೀತಿದ್ದರೆ ಅದು ವ್ಯರ್ಥ. ಒಂದು ಬತ್ತಿ ಬಿಡೋ ಪಿಎಂ2.5 75ರಿಂದ 137 ಸಿಗರೇಟಿನಷ್ಟು ಅಂತ 2003ರ ಒಂದು ಅಧ್ಯಯನ ಅಳೆದು ತೋರಿಸಿದೆ. ಸೊಳ್ಳೆಗೆ ಜಾಲರಿ ಹಾಕಿಸಿ. ಜಾಲರಿ ಹಾಕಿದರೆ ಗಾಳಿ ಕಮ್ಮಿ ಆಗುತ್ತೆ, ಧೂಳು ಹಿಡಿದರೆ ಇನ್ನೂ ಕಮ್ಮಿ, ತಿಂಗಳಿಗೊಮ್ಮೆ ತೊಳೆಯೋ ಹಾಗೆ ಕಳಚಬಹುದಾದ್ದು ತಗೊಳ್ಳಿ.

ಕೊನೇಮಹಡಿ
ಫಿಲ್ಟರ್ ಎಷ್ಟು ದಿನಕ್ಕೆ ಬದಲಿಸಬೇಕು? ಬಾಡಿಗೆ ಮನೆ, ಹಲಗೆ ಹಾಕೋಕೆ ಓನರ್ ಒಪ್ಪದಿದ್ದರೆ?

ವೈರ್‌ಮನ್_ಹಾಸನ
ತೆಗೆದ ಗಾಜನ್ನ ಪೇಪರ್ ಸುತ್ತಿ ಅಟ್ಟದ ಮೇಲೆ ಇಡಿ, ಬಿಡುವಾಗ ವಾಪಸ್ ಕೂರಿಸಿದರಾಯ್ತು. ಸ್ಲೈಡಿಂಗ್ ಕಿಟಕಿ ಆಗಿದ್ದರೆ ಗಾಜು ತೆಗೆಯೋದೂ ಬೇಡ, ಟ್ರ್ಯಾಕಿನಲ್ಲಿ 8 ಇಂಚು ಅಗಲದ ಹಲಗೆ ನಿಲ್ಲಿಸಿ ಬಾಗಿಲನ್ನ ಅದಕ್ಕೆ ಒತ್ತಿ. ಎರಡು ಬಾಗಿಲ ಮಧ್ಯೆ ಉಳಿಯೋ ಸಂದಿಗೆ ಬ್ರಶ್ ಪಟ್ಟಿ ಅಂಟಿಸೋದು ಮರೀಬೇಡಿ, ಸೊಳ್ಳೆ ಬರೋದು ಅಲ್ಲಿಂದಲೇ. ಹೊರಗಿಂದ ಯಾರೂ ಸರಿಸದ ಹಾಗೆ ಟ್ರ್ಯಾಕಿಗೆ ಒಂದು ಸ್ಟಾಪರ್ ಹಾಕಿ.

ಗಾಳಿಲೆಕ್ಕ
ಜಿ4ನ್ನ ತಿಂಗಳಿಗೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ, ಹಸಿ ಇದ್ದರೆ ಬೂಷ್ಟು. ಒಳಗಿನದ್ದಕ್ಕೆ ದಿನಾಂಕ ನೋಡಬೇಡಿ, ಮೀಟರ್ ನೋಡಿ. ಅದೇ ವೇಗದಲ್ಲಿ, ಅದೇ ಇಬ್ಬರು ಮಲಗಿ, ಬೆಳಗಿನ ಅಂಕಿ 1,000ದಿಂದ 1,300ಕ್ಕೆ ಏರಿದರೆ ಫಿಲ್ಟರ್ ಕಟ್ಟಿದೆ ಅಂತ ಅರ್ಥ.

ಕೊನೇಮಹಡಿ
ಸರಿ. ಈ ಭಾನುವಾರ ಚಿಮಣಿ ಕವಾಟ ಬಿಚ್ಚಿ ನೋಡ್ತೀವಿ, ಟೆರೇಸ್ ಬಿಳಿ ಬಳಿಯೋಕೆ ಓನರ್ ಹತ್ತಿರ ಮಾತಾಡ್ತೀವಿ.

ಒಲೆಮೂಲೆ
ಕವಾಟ ಬಿಚ್ಚುವಾಗ ಕೈಗವಸು ಹಾಕಿ, ತಗಡಿನ ಅಂಚು ಹರಿತ ಇರುತ್ತೆ. ಬಿಸಿನೀರು, ಪಾತ್ರೆ ಸೋಪಿನಲ್ಲಿ ನೆನೆಸಿ ಉಜ್ಜಿ. ಕೀಲಿಗೆ ಎಣ್ಣೆ ಬಿಡಬೇಡಿ, ಮತ್ತೆ ಜಿಡ್ಡು ಹಿಡಿಯುತ್ತೆ.